ತುಟ್ಟಿ ಪರಿಹಾರದ ಚರಿತ್ರೆ: ಹಾಲಿ ಸಿಕ್ಕಾದಿಂದ ಸೂಚ್ಯಂಕದವರೆಗೆ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಉಪನ್ಯಾಸ ಮುಗಿದು ಎಲ್ಲರೂ ಚಹಾದ ಲೋಟ ಹಿಡಿದು ನಿಂತಾಗ, ಹಿರಿಯರ ಮಾತು ಸಾಹಿತ್ಯದಿಂದ ಪಿಂಚಣಿಗೆ ಹೊರಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. 2025ರ ಅಕ್ಟೋಬರ್ ತಿಂಗಳ ಒಂದು ಸಂಜೆಯೂ ಹಾಗೆಯೇ ಆಯಿತು. ಕೇಂದ್ರ ಸರ್ಕಾರವು ನೌಕರರ ತುಟ್ಟಿಭತ್ಯೆಯನ್ನೂ ನಿವೃತ್ತರ ತುಟ್ಟಿ ಪರಿಹಾರವನ್ನೂ ಜುಲೈ 1ರಿಂದ ಅನ್ವಯವಾಗುವಂತೆ ಶೇ. 55ರಿಂದ ಶೇ. 58ಕ್ಕೆ ಏರಿಸಿ ಕೆಲವೇ ದಿನಗಳಾಗಿದ್ದವು. ಕೇಂದ್ರ ಕಚೇರಿಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರು ಬಾಕಿ ಹಣ ಹಬ್ಬದೊಳಗೆ ಖಾತೆಗೆ ಬರುವುದೋ ಇಲ್ಲವೋ ಎಂದು ನಮ್ಮನ್ನು ಕೇಳುತ್ತಿದ್ದರು. ಪಕ್ಕದಲ್ಲಿದ್ದ ಇನ್ನೊಬ್ಬರು ಕಲಬುರಗಿ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು 2005ರ ಕೊನೆಗೆ ನಿವೃತ್ತರಾದವರು. ಅವರು ನಕ್ಕು ಹೇಳಿದರು: “ನಿಮ್ದು ವರ್ಷಕ್ಕ ಎರಡ್ ಸಲ ಬೆಳೀತದ. ನಮ್ದು ರಿಟೈರ್ ಆದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಅದ ನೋಡ್ರಿ.” ಅವರ ಪಿಂಚಣಿ ತಿಂಗಳಿಗೆ 1,460 ರೂಪಾಯಿ.

ಇಬ್ಬರೂ ಒಂದೇ ರೈತು ಬಜಾರಿನಲ್ಲಿ ತರಕಾರಿ ಕೊಳ್ಳುವವರು. ಒಬ್ಬರ ಪಿಂಚಣಿ ಬೆಲೆಯ ಬೆನ್ನು ಹತ್ತಿ ಏರುತ್ತದೆ, ಇನ್ನೊಬ್ಬರದು ನಿಂತಲ್ಲೇ ನಿಂತಿದೆ. ಈ ಭೇದ ಎಲ್ಲಿಂದ ಬಂತೆಂದು ಆ ರಾತ್ರಿ ಯೋಚಿಸುತ್ತ ಕುಳಿತಾಗ ನಮಗೆ ನಮ್ಮದೇ ಒಂದು ಕಾಗದವೂ ನೆನಪಾಯಿತು. ಕೇಂದ್ರ ಸರ್ಕಾರದ ಸೇವೆಗೆ ನಾವು ಸೇರಿದ್ದು 2004ರ ಜನವರಿ 1ರ ಈಚೆಗೆ. ಆದುದರಿಂದ ಹಳೆಯ ಪಿಂಚಣಿ ನಮಗಿಲ್ಲ. ಹೊಸದಾಗಿ ಬಂದ ಏಕೀಕೃತ ಪಿಂಚಣಿ ಯೋಜನೆಗೆ ಸೇರುವಿರೋ ಇಲ್ಲವೋ ಎಂದು ಕೇಳುವ ಆಯ್ಕೆಪತ್ರ ಕಚೇರಿಯ ಮೇಜಿನ ಖಾನೆಯಲ್ಲಿ ಖಾಲಿಯಾಗಿಯೇ ಬಿದ್ದಿತ್ತು. ನವೆಂಬರ್ 30 ಅದರ ಕೊನೆಯ ದಿನ.

ಹೈದರಾಬಾದಿನಲ್ಲಿ ಪಿಂಚಣಿಗೆ ಹಳೆಯ ಹೆಸರು ವಜೀಫಾ. ನಿಜಾಮರ ಕಾಲದ ದಫ್ತರಿನ ಭಾಷೆಯಲ್ಲಿ ಇದರ ಪೂರ್ಣ ರೂಪ ‘ವಜೀಫಾ ಹುಸ್ನೆ ಖಿದ್ಮತ್’, ಅಂದರೆ ಸೊಗಸಾಗಿ ಸಲ್ಲಿಸಿದ ಸೇವೆಗೆ ದೊರೆಯುವ ವಜೀಫಾ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರೂ ನಿಜಾಮ ಸರ್ಕಾರದ ಸೇವೆ ಮುಗಿಸಿ ಇದನ್ನೇ ಪಡೆದರು. ಹಣ ಬರುತ್ತಿದ್ದುದು ಹಾಲಿ ಸಿಕ್ಕಾದಲ್ಲಿ. ಹೈದರಾಬಾದ್ ಸಂಸ್ಥಾನದ ಈ ನಾಣ್ಯ ಬ್ರಿಟಿಷ್ ಇಂಡಿಯಾದ ರೂಪಾಯಿಗಿಂತ ತುಸು ಅಗ್ಗ. ಸ್ಥೂಲವಾಗಿ ಏಳು ಹಾಲಿ ರೂಪಾಯಿಗೆ ಆರು ಸರ್ಕಾರಿ ರೂಪಾಯಿ. ವಾಡಿ ಜಂಕ್ಷನ್ ದಾಟಿ ಸೊಲ್ಲಾಪುರದ ಕಡೆ ಹೋದವರಿಗೆ ಎಪ್ಪತ್ತು ರೂಪಾಯಿಯ ವಜೀಫಾ ಅರುವತ್ತಾಗಿ ಕಾಣುತ್ತಿತ್ತು. ಹಣದ ಮೊತ್ತವೇ ಬೇರೆ, ಅದರ ಖಿಮ್ಮತ್ತೇ ಬೇರೆ ಎಂಬ ಪಾಠವನ್ನು ಈ ಭಾಗದ ಜನ ಅರ್ಥಶಾಸ್ತ್ರದ ಪುಸ್ತಕ ತೆರೆಯದೆಯೇ ಕಲಿತಿದ್ದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, 1955ರಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೊರಬಿತ್ತು, 1956ರ ನವೆಂಬರ್ 1ರಂದು ರಾಜ್ಯವೇ ಮೂರು ಭಾಗವಾಗಿ ಪಿಂಚಣಿಯ ಹೊಣೆಯೂ ಆಂಧ್ರ, ಮೈಸೂರು, ಮುಂಬಯಿಗಳ ನಡುವೆ ಹಂಚಿಹೋಯಿತು.

ವಜೀಫಾ ಎಂಬ ಮಾತಿನಲ್ಲಿ ದೊರೆಯ ಕೃಪೆಯ ವಾಸನೆಯಿದೆ. ಬ್ರಿಟಿಷರ ಪಿಂಚಣಿಯೂ ಬೇರೆಯಾಗಿರಲಿಲ್ಲ. 1871ರ ಪಿಂಚಣಿ ಕಾಯ್ದೆಯು ಸರ್ಕಾರ ಕೊಡುವ ಪಿಂಚಣಿಯ ವಿಷಯದಲ್ಲಿ ದಾವೆ ಹೂಡುವ ಬಾಗಿಲನ್ನೇ ಸಿವಿಲ್ ನ್ಯಾಯಾಲಯಗಳಿಗೆ ಮುಚ್ಚಿತ್ತು. ನಾವು ಇಂಗ್ಲಿಷ್ ಎಂ.ಎ. ಓದಿದವರಾದ್ದರಿಂದ ಇಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನೆನಪಾಗದೆ ಇರನು. 1755ರ ತನ್ನ ನಿಘಂಟಿನಲ್ಲಿ ಪಿಂಚಣಿಯೆಂದರೆ ದೇಶದ್ರೋಹಕ್ಕೆ ಸಲ್ಲುವ ಕೂಲಿಯೆಂಬರ್ಥದಲ್ಲಿ ಕುಟುಕಿದ್ದ ಆತ, 1762ರಲ್ಲಿ ಮೂರನೆಯ ಜಾರ್ಜ್ ದೊರೆಯಿಂದ ವರ್ಷಕ್ಕೆ 300 ಪೌಂಡಿನ ಪಿಂಚಣಿಯನ್ನು ತಾನೇ ಒಪ್ಪಿಕೊಂಡ. ಈ ವಿನೋದವನ್ನು ಎಲ್ಲರೂ ಹೇಳುತ್ತಾರೆ. 1784ರಲ್ಲಿ, ಸಾಯುವ ಕೆಲವು ತಿಂಗಳ ಮುಂಚೆ, ಚಳಿಗಾಲವನ್ನು ಇಟಲಿಯಲ್ಲಿ ಕಳೆದರೆ ಅವನ ದೇಹಕ್ಕೆ ಹಿತವಾದೀತೆಂದು ಗೆಳೆಯರು ಪಿಂಚಣಿ ಹೆಚ್ಚಿಸುವಂತೆ ಅರಮನೆಗೆ ಮನವಿ ಸಲ್ಲಿಸಿದರು. ಹೆಚ್ಚಳ ಸಿಗಲಿಲ್ಲ. ಕೃಪೆಯಾಗಿ ಬಂದದ್ದನ್ನು ಏರಿಸೆಂದು ಕೇಳುವುದು ಇನ್ನೊಂದು ಕೃಪೆಯನ್ನು ಬೇಡುವುದೇ ಆಗುತ್ತದೆ.

ಕೃಪೆಯ ಜಾಗಕ್ಕೆ ಲೆಕ್ಕ ಬರಬೇಕಾದರೆ ಮೊದಲು ಯಾರಾದರೂ ಬೆಲೆಯನ್ನು ಅಳೆಯಬೇಕು. ನಮ್ಮ ದೇಶದಲ್ಲಿ ಆ ಅಳತೆಗೆ ದಾರಿ ಮಾಡಿದವರಲ್ಲಿ ಪ್ರಮುಖರು ಮಂಗಳೂರಿನವರು. ಬೆನಗಲ್ ನರಸಿಂಗ ರಾಯರನ್ನು ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ಕನ್ನಡಿಗರೆಲ್ಲ ಬಲ್ಲರು; ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೆಂದೂ ಕೆಲವರು ಬಲ್ಲರು. 1940ರಲ್ಲಿ ಅವರು ಮಾಡಿದ ಒಂದು ಕೆಲಸ ಮಾತ್ರ ಅಷ್ಟಾಗಿ ಪ್ರಸಿದ್ಧವಲ್ಲ. ಎರಡನೆಯ ಮಹಾಯುದ್ಧ ಆರಂಭವಾಗಿ ಧಾನ್ಯದ ಬೆಲೆ ಏರತೊಡಗಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಾರ್ಮಿಕರು ತುಟ್ಟಿಭತ್ಯೆ ಬೇಕೆಂದು ಪಟ್ಟುಹಿಡಿದಾಗ ಸರ್ಕಾರ ಒಂದು ವಿಚಾರಣಾ ನ್ಯಾಯಾಲಯವನ್ನು ನೇಮಿಸಿತು. ಆಗ ಕಲಕತ್ತೆಯ ಉಚ್ಚ ನ್ಯಾಯಾಲಯದಲ್ಲಿದ್ದ ರಾಯರು ಅದರ ಅಧ್ಯಕ್ಷರಾದರು. ಈ ರೈಲ್ವೆ ನಮಗೆ ದೂರದ್ದೇನೂ ಅಲ್ಲ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾದು ರಾಯಚೂರು ಮುಟ್ಟುವ ಹಳಿ ಅದರದೇ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ನಿಜಾಮರ ರೈಲುದಾರಿ ಕೂಡಿಕೊಂಡದ್ದೂ ಅದಕ್ಕೇ. ಇಂದು ನಾವು ಹಬ್ಬಕ್ಕೆ ಊರಿಗೆ ಹೋಗುವ ದಾರಿ.

ರಾಯರ ಮುಂದಿದ್ದ ತೊಡಕು ಏನೆಂದರೆ, ಬೆಲೆ ಎಷ್ಟು ಏರಿದೆಯೆಂದು ನೆಚ್ಚಿಕೊಂಡು ಹೇಳಬಲ್ಲ ಅಂಕಿಗಳು ದೇಶದ ಎಲ್ಲ ಕಡೆಗೂ ಇರಲಿಲ್ಲ. ಕೆಲವು ಪ್ರಾಂತಗಳು ತಮ್ಮ ತಮ್ಮ ಪಟ್ಟಿ ಇಟ್ಟುಕೊಂಡಿದ್ದವು, ಒಂದರ ಹಾಗೆ ಇನ್ನೊಂದಿಲ್ಲ. ಕಡಿಮೆ ಸಂಬಳದವರಿಗೆ ಭತ್ಯೆ ಕೊಡಬೇಕೆಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ; ಜೀವನ ವೆಚ್ಚದ ಸೂಚ್ಯಂಕವನ್ನು ವ್ಯವಸ್ಥಿತವಾಗಿ ಸಿದ್ಧಪಡಿಸಬೇಕೆಂದೂ ಸೂಚಿಸಿದರು. ಅದರ ಫಲವಾಗಿ 1941ರಲ್ಲಿ ಶಿಮ್ಲಾದಲ್ಲಿ ಜೀವನ ವೆಚ್ಚ ಸೂಚ್ಯಂಕದ ನಿರ್ದೇಶನಾಲಯ ತೆರೆಯಿತು. ಯುದ್ಧ ನಡೆದಿರುವಾಗಲೇ ಕಾರ್ಮಿಕ ಕುಟುಂಬಗಳು ಏನು ತಿನ್ನುತ್ತವೆ, ಬಾಡಿಗೆಗೆಷ್ಟು, ಸೀಮೆಎಣ್ಣೆಗೆಷ್ಟು ಎಂದು ಮನೆಮನೆ ಕೇಳಿ ಬರೆದುಕೊಂಡರು. 1946ರ ಅಕ್ಟೋಬರ್ 1ರಂದು ಆ ನಿರ್ದೇಶನಾಲಯವೇ ಲೇಬರ್ ಬ್ಯೂರೋ ಆಯಿತು. ಇಂದು ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಹೊರಡಿಸುವುದು ಈ ಬ್ಯೂರೋ. ಹೈದರಾಬಾದೂ ಅದು ಬೆಲೆ ಸಂಗ್ರಹಿಸುವ ಕೇಂದ್ರಗಳಲ್ಲೊಂದು. (ನರಸಿಂಗ ರಾಯರ ತಮ್ಮ ಬೆನಗಲ್ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಹಾಲಿ ಸಿಕ್ಕಾ ಮರೆಯಾದದ್ದು ಅವರ ಅವಧಿಯಲ್ಲಿಯೇ. ಅಣ್ಣ ರೂಪಾಯಿಯ ಬಲವನ್ನು ಅಳೆಯುವ ಕೋಲು ಬೇಕೆಂದರು, ತಮ್ಮ ರೂಪಾಯಿಗೆ ಸಹಿ ಹಾಕಿದರು.)

ಆದರೆ ರಾಯರ ಕೋಲು ದುಡಿಯುವವರನ್ನು ಅಳೆಯಿತೇ ಹೊರತು ದುಡಿದು ಮುಗಿಸಿದವರನ್ನಲ್ಲ. ಯುದ್ಧದ ಕಾಲದಲ್ಲಿಯೂ ಆಮೇಲೆಯೂ ನಿವೃತ್ತರಿಗೆ ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ, ಸಣ್ಣ ಪಿಂಚಣಿಗಳಿಗೆ ಮಾತ್ರ, ‘ತಾತ್ಕಾಲಿಕ ಹೆಚ್ಚಳ’ ಎಂಬ ಹೆಸರಿನ ನಾಲ್ಕು ಕಾಸು. ಬೆಲೆ ತಾತ್ಕಾಲಿಕವಾಗಿ ಏರಿದ್ದು ಯಾರೂ ಕಂಡವರಿಲ್ಲ. ಹೆಚ್ಚಳಕ್ಕೆ ಮಾತ್ರ ಆ ವಿಶೇಷಣ. 1947ರ ವರದಾಚಾರಿಯರ್ ಆಯೋಗ, 1959ರ ಜಗನ್ನಾಥ ದಾಸ್ ಆಯೋಗ ಎರಡೂ ಕಳೆದವು. ಸೂಚ್ಯಂಕಕ್ಕೂ ಪಿಂಚಣಿಗೂ ಗಂಟು ಬಿದ್ದದ್ದು ನ್ಯಾಯಮೂರ್ತಿ ರಘುವೀರ ದಯಾಳರ ಮೂರನೆಯ ವೇತನ ಆಯೋಗದ 1973ರ ವರದಿಯಿಂದ: 1960 ಅನ್ನು 100 ಎಂದಿಟ್ಟುಕೊಂಡ ಸೂಚ್ಯಂಕದ ಹನ್ನೆರಡು ತಿಂಗಳ ಸರಾಸರಿ 16 ಅಂಶ ಏರಿದಾಗಲೆಲ್ಲ ಪಿಂಚಣಿಯ ಶೇ. 5ರಷ್ಟು ಪರಿಹಾರ, ಕನಿಷ್ಠ 5 ರೂಪಾಯಿ, ಗರಿಷ್ಠ 25 ರೂಪಾಯಿ. ಮಿತಿಗಳಿರಲಿ, ತತ್ತ್ವ ನೆಲೆಗೊಂಡಿತು. ಯಾರೂ ಅರ್ಜಿ ಬರೆಯಬೇಕಿಲ್ಲ, ಯಾರಿಗೂ ಕನಿಕರ ಹುಟ್ಟಬೇಕಿಲ್ಲ. ಅಂಕಿ ಏರಿದರೆ ಹಣ ಏರಬೇಕು.

ತತ್ತ್ವ ನೆಲೆಗೊಂಡ ಮರುವರ್ಷವೇ ಪರೀಕ್ಷೆ ಬಂತು. 1974ರಲ್ಲಿ ಬೆಲೆಗಳು ಹಿಂದೆಂದೂ ಕಾಣದಂತೆ ಏರಿದವು. ಮೇ ತಿಂಗಳಲ್ಲಿ ರೈಲ್ವೆ ಮುಷ್ಕರವಾಯಿತು. ಅದರ ಮುಂದಾಳು ಜಾರ್ಜ್ ಫರ್ನಾಂಡಿಸ್ ಸಹ ಮಂಗಳೂರಿನಲ್ಲಿ ಹುಟ್ಟಿದವರೆಂಬುದು ಕಾಕತಾಳೀಯ. ಅದೇ ವರ್ಷ ಸರ್ಕಾರ ಕಾಯ್ದೆಯೊಂದನ್ನು ತಂದು ನೌಕರರ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಇಟ್ಟುಕೊಂಡಿತು. ಇಟ್ಟುಕೊಂಡದ್ದನ್ನು ಬಡ್ಡಿಸಮೇತ ಕಂತುಗಳಲ್ಲಿ ಹಿಂತಿರುಗಿಸಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಪಿಂಚಣಿದಾರರಿಗೆ ಬೆಲೆಗಿಂತಲೂ ದೊಡ್ಡ ಶತ್ರು ತಾರೀಖು. 1979ರಲ್ಲಿ ಸರ್ಕಾರ ಪಿಂಚಣಿಯ ಲೆಕ್ಕಾಚಾರವನ್ನು ಉದಾರಗೊಳಿಸಿತು. ಆದರೆ ಆ ವರ್ಷದ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗಷ್ಟೇ. ಮಾರ್ಚ್ 30ರಂದು ಕಚೇರಿಯಿಂದ ಹಾರ ಹಾಕಿಸಿಕೊಂಡು ಮನೆಗೆ ಬಂದವರಿಗೆ ಹಳೆಯ ಲೆಕ್ಕ. 1972ರಲ್ಲಿ ನಿವೃತ್ತರಾಗಿದ್ದ ಡಿ.ಎಸ್. ನಕಾರಾ, ಎಚ್.ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆಯೊಡನೆ ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರಿದ್ದ ಐವರ ಪೀಠದ ಪರವಾಗಿ ನ್ಯಾಯಮೂರ್ತಿ ಡಿ.ಎ. ದೇಸಾಯಿ 1982ರ ಡಿಸೆಂಬರ್ 17ರಂದು ತೀರ್ಪಿತ್ತರು. ಪಿಂಚಣಿ ದಾನವಲ್ಲ, ಮಾಡಿದ ಸೇವೆಗೆ ಸಲ್ಲಬೇಕಾದದ್ದು. ಒಂದೇ ವರ್ಗದ ನಿವೃತ್ತರನ್ನು ಒಂದು ದಿನಾಂಕದ ಗೆರೆಯೆಳೆದು ಇಬ್ಭಾಗ ಮಾಡುವುದು ಸಮಾನತೆಗೆ ವಿರುದ್ಧ. ಡಿಸೆಂಬರ್ 17 ಇಂದಿಗೂ ನಿವೃತ್ತರ ಸಂಘಗಳಲ್ಲಿ ಪಿಂಚಣಿದಾರರ ದಿನ. ವಜೀಫಾದ ನೆಲದಲ್ಲಿ ಪಿಂಚಣಿ ಹಕ್ಕೆಂಬ ಮಾತು ಬೇರುಬಿಟ್ಟದ್ದು ಈ ತೀರ್ಪಿನಿಂದಲೆಂದು ನಾವು ತಿಳಿಯುತ್ತೇವೆ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ನಾಲ್ಕನೆಯ ಆಯೋಗದ ಕಾಲದಲ್ಲಿ 1,750 ರೂಪಾಯಿಯೊಳಗಿನ ಪಿಂಚಣಿಗೆ ಬೆಲೆಯೇರಿಕೆಯ ಪೂರ್ಣ ಭರ್ತಿ, ಅದರ ಮೇಲಿನವರಿಗೆ ಮುಕ್ಕಾಲು, ಇನ್ನೂ ಮೇಲಿನವರಿಗೆ ಶೇ. 65. 1996ರಿಂದ, ರತ್ನವೇಲ್ ಪಾಂಡಿಯನ್ ಆಯೋಗದ ಬಳಿಕ, ಎಲ್ಲರಿಗೂ ಪೂರ್ಣ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣರ ಆರನೆಯ ಆಯೋಗ ವಯಸ್ಸಿಗೂ ಬೆಲೆ ಕಟ್ಟಿತು: 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ ನೂರು.

2025ರ ಜುಲೈಯಿಂದ ಅನ್ವಯವಾದ ಶೇ. 58 ಹೇಗೆ ಬಂತೆಂದು ಕೇಳುವವರು ಬಹಳ. ಲೆಕ್ಕ ಕಷ್ಟದ್ದಲ್ಲ. 2016 ಮೂಲವರ್ಷದ ಸೂಚ್ಯಂಕದ 2024ರ ಜುಲೈಯಿಂದ 2025ರ ಜೂನ್‌ವರೆಗಿನ ಸರಾಸರಿ ಸುಮಾರು 143.6. ಹಿಂದಿನ ಮೂಲವರ್ಷ 2001ಕ್ಕೆ ಅದನ್ನು ತಿರುಗಿಸಲು 2.88ರಿಂದ ಗುಣಿಸಿದರೆ ಸುಮಾರು 413.5. ಏಳನೆಯ ಆಯೋಗ ಆರಂಭಬಿಂದುವೆಂದು ಹಿಡಿದದ್ದು 2015ರ ಸರಾಸರಿಯಾದ 261.42. ಅದಕ್ಕಿಂತ ಇದು ಶೇ. 58.16 ಹೆಚ್ಚು. ಭಿನ್ನರಾಶಿಯನ್ನು ಸರ್ಕಾರ ಬಿಟ್ಟುಬಿಡುತ್ತದೆ, 58 ಉಳಿಯುತ್ತದೆ. ಮೂಲ ಪಿಂಚಣಿ 30,000 ಇದ್ದವರಿಗೆ ಪರಿಹಾರ 17,400.

ಲೆಕ್ಕ ಸರಿಯಾಗಿದೆ, ಆದರೆ ಬುಟ್ಟಿ ಯಾರದು? ಇದು ಕಾರ್ಖಾನೆಯಲ್ಲಿ ದುಡಿಯುವ ಕುಟುಂಬದ ಬುಟ್ಟಿ. 2016ರ ಸರಣಿಯಲ್ಲಿ ಆಹಾರದ ಪಾಲು 46.2ರಿಂದ 39.17ಕ್ಕೆ ಇಳಿಯಿತು. ಎಪ್ಪತ್ತೆಂಟು ದಾಟಿದವರ ಮನೆಯ ಖರ್ಚು ಬೇರೆಯೇ ಬಗೆಯದು: ಸಕ್ಕರೆ ಕಾಯಿಲೆಯ ಗುಳಿಗೆ, ಮಂಡಿಯ ಎಣ್ಣೆ, ಆಸ್ಪತ್ರೆಗೆ ಹೋಗಿಬರುವ ಆಟೋ, ರಾತ್ರಿ ನೋಡಿಕೊಳ್ಳುವವರ ಸಂಬಳ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಸೌಲಭ್ಯವಿಲ್ಲದ ಊರುಗಳ ಪಿಂಚಣಿದಾರರಿಗೆ ಕೊಡುವ ವೈದ್ಯಕೀಯ ಭತ್ಯೆ 2017ರ ಜುಲೈಯಲ್ಲಿ ತಿಂಗಳಿಗೆ 1,000 ರೂಪಾಯಿ ಆಯಿತು. ಅದು ಸೂಚ್ಯಂಕದೊಡನೆ ಏರುವುದಿಲ್ಲ. ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಹಿರಿಯರು ಅಲ್ಲಿ ಎಲ್ಲವೂ ಚೆನ್ನವೆಂದು ಹೇಳುವುದುಂಟು. ಅಲ್ಲಿಯೂ ಸೋಷಿಯಲ್ ಸೆಕ್ಯುರಿಟಿಯ ವಾರ್ಷಿಕ ಹೆಚ್ಚಳ 1972ರ ಕಾಯ್ದೆಯಿಂದ ತಾನಾಗಿ ಆಗುವಂತಾಗಿ, 1975ರಲ್ಲಿ ಮೊದಲ ಸಲ ಶೇ. 8 ಬಂತು, ಅಳತೆ ಮಾತ್ರ ದುಡಿಯುವವರ ಸೂಚ್ಯಂಕದ್ದೇ. ವೃದ್ಧರಿಗಾಗಿ ಬೇರೆ ಸೂಚ್ಯಂಕವೊಂದನ್ನು ಅಲ್ಲಿ ಪ್ರಾಯೋಗಿಕವಾಗಿ ಲೆಕ್ಕ ಹಾಕುತ್ತಾರಾದರೂ ಹೆಚ್ಚಳಕ್ಕೆ ಅದನ್ನು ಬಳಸುವುದಿಲ್ಲ.

ಇನ್ನು 2020. ಕೊರೋನಾ ಕಾಲದ ಏಪ್ರಿಲ್ 23ರಂದು ಆದೇಶ ಬಂತು: ತುಟ್ಟಿಭತ್ಯೆ, ತುಟ್ಟಿ ಪರಿಹಾರಗಳ ಮೂರು ಕಂತುಗಳು ತಡೆಹಿಡಿಯಲ್ಪಟ್ಟಿವೆ. 2021ರ ಜುಲೈ 1ರಿಂದ ದರ ಶೇ. 17ರಿಂದ ಒಮ್ಮೆಲೇ 28ಕ್ಕೆ ಏರಿತು, ಆದರೆ ನಡುವಣ ಹದಿನೆಂಟು ತಿಂಗಳ ಬಾಕಿ ಬರಲಿಲ್ಲ. ಸಂಸತ್ತಿನಲ್ಲಿ ಸರ್ಕಾರ ಹೇಳಿದಂತೆ ಇದರಿಂದ ಉಳಿದದ್ದು 34,402.32 ಕೋಟಿ ರೂಪಾಯಿ. ಸಂಕಟದ ಕಾಲದಲ್ಲಿ ಬೊಕ್ಕಸಕ್ಕೆ ಹಣ ಬೇಕಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸೇವೆಯಲ್ಲಿದ್ದ ನಮ್ಮ ಪಾಲೂ ಅದರಲ್ಲಿ ಹೋಗಿದೆ, ಅದಕ್ಕೆ ಕೊರಗಿಲ್ಲ. ನಮಗೆ ಮುಂದೆ ಬಡ್ತಿಯಿದೆ, ದಿನಗಳಿವೆ. ಆ ಹದಿನೆಂಟು ತಿಂಗಳಲ್ಲೇ ತೀರಿಕೊಂಡವರಿಗೆ ಏರಿದ ದರ ಎಂದೂ ಮುಟ್ಟಲಿಲ್ಲ. 1974ರಲ್ಲಿ ಹಿಡಿದಿಟ್ಟದ್ದು ಠೇವಣಿಯಾಗಿತ್ತು, ಹಿಂದೆ ಬಂತು. 2020ರದು ಹಾಗಲ್ಲ. ಹಕ್ಕು ಎಂದು ನ್ಯಾಯಾಲಯ ಹೇಳಿದ ಪಿಂಚಣಿಯ ಮೇಲೆ ಕುಳಿತಿರುವ ಈ ಪರಿಹಾರ ಇನ್ನೂ ಅರ್ಧ ವಜೀಫಾವೇ ಆಗಿದೆಯೆಂದು ನಮಗೆ ಅನ್ನಿಸುವುದು ಇದರಿಂದ.

ಹಾಗಿದ್ದರೂ ಅದು ಇರುವವರು ಭಾಗ್ಯವಂತರು. ಕಲಬುರಗಿಯ ಹಿರಿಯರ ಪಿಂಚಣಿ ಬರುವುದು 1995ರ ನವೆಂಬರ್ 16ರಿಂದ ಜಾರಿಯಾದ ನೌಕರರ ಪಿಂಚಣಿ ಯೋಜನೆಯಿಂದ. ಹೈದರಾಬಾದಿನ ಸುತ್ತ ಬೆಳೆದ ಕಾರ್ಖಾನೆಗಳ ಸಾವಿರಾರು ಕಾರ್ಮಿಕರು ಈ ಯೋಜನೆಯವರೇ. ಆರಂಭದ ಕೆಲವು ವರ್ಷ ಚಿಕ್ಕಪುಟ್ಟ ಹೆಚ್ಚಳ ಕೊಟ್ಟದ್ದುಂಟು, ಆಮೇಲೆ ನಿಂತಿತು. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದಾಯಿತು. ಅದಕ್ಕಿಂತ ಹೆಚ್ಚಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ. ಸೂಚ್ಯಂಕದ ಹೆಸರು ಆ ಯೋಜನೆಯಲ್ಲಿಲ್ಲ. ಅವರ 1,460 ರೂಪಾಯಿಯನ್ನು ನಾವು ಅದೇ ಕೋಲಿನಿಂದ ಅಳೆದು ನೋಡಿದೆವು. 2005ರ ಸರಾಸರಿ ಸೂಚ್ಯಂಕ 115.76, 2025ರ ಜೂನ್‌ವರೆಗಿನದು 413.5. ಅವರು ನಿವೃತ್ತರಾದ ಕಾಲದ ಲೆಕ್ಕದಲ್ಲಿ ಇಂದು ಅವರ ಕೈಗೆ ಬರುತ್ತಿರುವುದು ಸುಮಾರು 409 ರೂಪಾಯಿಯ ಸಾಮಾನು. ವಿಪರ್ಯಾಸವನ್ನು ಗಮನಿಸಬೇಕು: ಸೂಚ್ಯಂಕ ಕಟ್ಟಿದ್ದು ಕೈಗಾರಿಕಾ ಕಾರ್ಮಿಕನ ಬುಟ್ಟಿಯಿಂದ. ಆ ಬುಟ್ಟಿ ತುಟ್ಟಿಯಾದಾಗ ಸರ್ಕಾರಿ ನಿವೃತ್ತನ ಪಿಂಚಣಿ ಏರುತ್ತದೆ. ನಿವೃತ್ತನಾದ ಕೈಗಾರಿಕಾ ಕಾರ್ಮಿಕನದು ಏರುವುದಿಲ್ಲ.

ನಮ್ಮ ಪೀಳಿಗೆಯ ಗೆರೆ 2004ರ ಜನವರಿ 1. ಅಂದಿನಿಂದ ಸೇರಿದ ಕೇಂದ್ರ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯವರು. ಕೂಡಿಟ್ಟ ಹಣದಲ್ಲಿ ನಿವೃತ್ತಿಯಾದಾಗ ಕನಿಷ್ಠ ಶೇ. 40ನ್ನು ವರ್ಷಾಶನಕ್ಕೆ ತೊಡಗಿಸಬೇಕು. ಮಾರುಕಟ್ಟೆ ಚೆನ್ನಾಗಿದ್ದರೆ ಗಂಟು ದೊಡ್ಡದಾಗುತ್ತದೆ, ನಿಜ. ಆದರೆ ವರ್ಷಾಶನಕ್ಕೆ ತುಟ್ಟಿ ಪರಿಹಾರವಿಲ್ಲ. ಅರುವತ್ತರಲ್ಲಿ ಬಂದಷ್ಟೇ ಎಂಬತ್ತೈದರಲ್ಲಿಯೂ. 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಯೋಜನೆಯಲ್ಲಿ 25 ವರ್ಷ ಸೇವೆಯಾದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ ಖಚಿತ. ಅದರ ಮೇಲೆ ತುಟ್ಟಿ ಪರಿಹಾರವೂ ಉಂಟು. ಆದರೆ ಕೂಡಿಟ್ಟ ಗಂಟು ಅಷ್ಟರಮಟ್ಟಿಗೆ ಕೈಬಿಟ್ಟು ಹೋಗುತ್ತದೆ. ಕಚೇರಿಯ ಕಿರಿಯ ಮಿತ್ರರು ಕಂಪ್ಯೂಟರಿನಲ್ಲಿ ಪಟ್ಟಿಗಳನ್ನು ಹಾಕಿ ಹಳೆಯದರಲ್ಲೇ ಉಳಿಯುವುದು ಲಾಭವೆಂದು ತೋರಿಸಿದರು. ಅವರ ಲೆಕ್ಕದಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ನಮ್ಮ ಕಣ್ಣಮುಂದೆ ಇದ್ದದ್ದು ಮಾತ್ರ ಆ 409 ರೂಪಾಯಿ.

ನವೆಂಬರ್ ಕೊನೆಯ ವಾರ ಆಯ್ಕೆಪತ್ರ ತುಂಬಿ ಏಕೀಕೃತ ಯೋಜನೆಗೆ ಸಹಿ ಹಾಕಿದೆವು. ಅದೇ ವಾರ ಕಲಬುರಗಿಯ ಹಿರಿಯರನ್ನು ಜೀವನ ಪ್ರಮಾಣ ಪತ್ರಕ್ಕಾಗಿ ಕರೆದುಕೊಂಡು ಹೋಗಿದ್ದೆವು. ಹೆಬ್ಬೆರಳಿನ ಗೆರೆ ಸವೆದು ಯಂತ್ರ ಮೂರು ಸಲ ನಿರಾಕರಿಸಿತು, ನಾಲ್ಕನೆಯ ಸಲ ಒಪ್ಪಿತು. ಹೊರಗೆ ಬಂದ ಮೇಲೆ ನಾವು ಯಾವುದಕ್ಕೆ ಸಹಿ ಹಾಕಿದೆವೆಂದು ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಹಿ ಮಾಡಿದ ತಾರೀಖು ಬರಕೊಂಡು ಇಟ್ಕೋರಿ ಸಾಹೇಬ್ರ,” ಎಂದರು. “ಮುಂದ ಕೇಳ್ತಾರ.”